ಒಂದೇ ಕತ್ತರಿಯ ಕಾವಲುಗಾರ

ಚಿಕ್ಕಮ್ಮ ತಯಾರಿಸಿದ್ದನ್ನು ನಾನು ಪರೀಕ್ಷೆ ಮಾಡುವ ದಿನ ನಾವಿಬ್ಬರೂ ಮಾತಾಡುವುದಿಲ್ಲ.

ಕಂಪನಿಯ ನಿಯಮ ಇಷ್ಟೇ: ಮಾಡಿದವರು ಪರೀಕ್ಷಿಸಬಾರದು, ಪರೀಕ್ಷಿಸುವವರು ಮಾಡಬಾರದು. ಮಾತು ಬಿಡಬೇಕೆಂದು ಅದರಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಚಿಕ್ಕಮ್ಮ ಸೇರಿಸಿದ್ದು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಹೇಳಿದ್ದಳು: "ಹೆತ್ತವರಿಗೆ ಹೆಗ್ಗಣ ಮುದ್ದು ಕಣೋ. ನನ್ನ ಹೆಗ್ಗಣ ನಿನ್ನ ಮೇಜಿನ ಮೇಲಿರೋವಾಗ ನನ್ನ ಮುಖ ನೋಡ್ಬೇಡ. ನೋಡಿದ್ರೆ ನಿನಗೂ ಮುದ್ದು ಬರುತ್ತೆ."

ಹಾಗಾಗಿ ಅಂಥ ದಿನಗಳಲ್ಲಿ ಒಂದೇ ಮನೆಯಿಂದ ಹೊರಟು ಒಂದೇ ಬಸ್ಸು ಹತ್ತಿದರೂ ಅವಳು ಮುಂದಿನ ಸೀಟು, ನಾನು ಹಿಂದಿನದು. ಕಂಪನಿಯಲ್ಲಿ ಅವಳದು ಕೆಳಗಿನ ಮಹಡಿ, ತಯಾರಿ ಕೋಣೆ. ನನ್ನದು ಮೇಲಿನ ಮಹಡಿ, ಪರೀಕ್ಷೆ ಕೋಣೆ. ಊಟದ ಡಬ್ಬಿಯನ್ನೂ ಬೇರೆ ಬೇರೆ ಮೇಜಿನಲ್ಲಿ ಬಿಚ್ಚುತ್ತೇವೆ. ನನಗಿದು ಕಷ್ಟವೇನಲ್ಲ. ಚಿಕ್ಕಂದಿನಿಂದಲೂ ನಾನು ಮಾತು ಕಡಿಮೆಯವನು. ಮನೆಯಲ್ಲೂ ಕಂಪನಿಯಲ್ಲೂ ನನ್ನನ್ನು ಮುನಿ ಎಂದೇ ಕರೆಯುತ್ತಾರೆ. ಜನ ಏನು ಹೇಳಿದರು ಎನ್ನುವುದಕ್ಕಿಂತ ಎಲ್ಲಿ ನಿಲ್ಲಿಸಿದರು ಎನ್ನುವುದು ನನಗೆ ಹೆಚ್ಚು ಕೇಳಿಸುತ್ತದೆ.

ನಮ್ಮ ಕಂಪನಿಯಲ್ಲಿ ಇರುವುದು ಹದಿನಾಲ್ಕು ಜನ. ಮನುಷ್ಯನ ದೇಹದಲ್ಲಿರುವ ಪ್ರೋಟೀನುಗಳನ್ನು ದೇಹದ ಹೊರಗೆ ತಯಾರಿಸಿ ಪ್ರಯೋಗಾಲಯಗಳಿಗೆ ಕಳಿಸುವುದು ಕೆಲಸ. ಔಷಧವಲ್ಲ. ಬೆರಳುದ್ದದ ಸೀಸೆಯ ಮೇಲೆ 'ಸಂಶೋಧನೆಗೆ ಮಾತ್ರ' ಎಂದು ಅಚ್ಚಾಗಿರುತ್ತದೆ. ಅದರೊಂದಿಗೆ ಹೋಗುವ ಪ್ರಮಾಣಪತ್ರದ ಕೆಳಗೆ ನನ್ನ ಸಹಿ ಇರುತ್ತದೆ.

ಈ ಕಥೆಯ ಪ್ರೋಟೀನು ಬಹಳ ಪುಟ್ಟದು. ನಮ್ಮ ಮೇದೋಜ್ಜೀರಕ ಗ್ರಂಥಿಯಲ್ಲಿ ಟ್ರಿಪ್ಸಿನ್ ಎಂಬ ಕಿಣ್ವ ಇರುತ್ತದೆ. ಪ್ರೋಟೀನುಗಳನ್ನು ಕತ್ತರಿಸುವುದು ಅದರ ಕೆಲಸ. ತಿಂದದ್ದು ಅರಗುವುದು ಅದರಿಂದ. ಆದರೆ ಹೊತ್ತಿಗೆ ಮೊದಲೇ ಕೆಲಸ ಶುರುಮಾಡಿದರೆ ತಾನು ಹುಟ್ಟಿದ ಗ್ರಂಥಿಯನ್ನೇ ಕತ್ತರಿಸಿ ಹಾಕುತ್ತದೆ. ಹಾಗಾಗದಂತೆ ಅದರ ಬಾಯಿಗೆ ಅಡ್ಡ ಕೂರುವ ಇನ್ನೊಂದು ಪ್ರೋಟೀನನ್ನು ದೇಹ ಇಟ್ಟುಕೊಂಡಿದೆ. ನಮ್ಮ ಕೋಣೆಗಳ ಭಾಷೆಯಲ್ಲಿ ಕಿಣ್ವ ಎಂದರೆ ಕತ್ತರಿ, ಅದನ್ನು ತಡೆಯುವುದು ಕಾವಲುಗಾರ. ಈ ಕಾವಲುಗಾರನ ವಿಶೇಷವೆಂದರೆ ಅವನು ಟ್ರಿಪ್ಸಿನ್ ಒಂದನ್ನೇ ಹಿಡಿಯುತ್ತಾನೆ, ಪಕ್ಕದ ಕತ್ತರಿಯ ತಂಟೆಗೆ ಹೋಗುವುದಿಲ್ಲ. ಮನುಷ್ಯನ ಆ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದರೆ ಅದು ಕಾವಲುಗಾರನನ್ನು ತಯಾರಿಸಿಕೊಡುತ್ತದೆ. ಬ್ಯಾಕ್ಟೀರಿಯಾವನ್ನು ಒಡೆದು, ಸಾವಿರಾರು ಬೇರೆ ಪ್ರೋಟೀನುಗಳ ನಡುವಿನಿಂದ ಅವನೊಬ್ಬನನ್ನು ಹೊರಗೆ ತರಬೇಕು. ಚಿಕ್ಕಮ್ಮ ಒಂಬತ್ತು ವರ್ಷದಿಂದ ಅದನ್ನು ಮಾಡುತ್ತಿದ್ದಳು.

ಆದರೆ ಅಷ್ಟು ವರ್ಷವೂ ಮಾಡಿದ್ದು ಬಾಲ ಇರುವುದನ್ನು. ಪ್ರೋಟೀನಿನ ತುದಿಗೆ ಒಂದು ಪುಟ್ಟ ಬಾಲ ಕಟ್ಟಿರುತ್ತಾರೆ. ಬಾಲ ಹಿಡಿಯುವ ಮಣಿಗಳಿರುವ ಕೊಳವೆಯಲ್ಲಿ ಹಾಯಿಸಿದರೆ ನಮ್ಮದು ಸಿಕ್ಕಿಕೊಳ್ಳುತ್ತದೆ, ಉಳಿದದ್ದೆಲ್ಲ ತೊಳೆದುಹೋಗುತ್ತದೆ. ಈ ಸಲ ಒಂದು ವಿಶ್ವವಿದ್ಯಾಲಯದವರು ಬಾಲವಿಲ್ಲದ್ದು ಬೇಕು ಎಂದರು. ದೇಹದಲ್ಲಿ ಹೇಗಿದೆಯೋ ಹಾಗೇ. ಮೇಲಿನ ಮಹಡಿಯ ಇಬ್ಬರು ಡಾಕ್ಟರೇಟಿನವರು ಮೂರು ತಿಂಗಳು ಹೆಣಗಿದರು. ಬಂದದ್ದು ಉಗುರಿನಷ್ಟು, ಅದೂ ಕೊಳಕು.

ಆಗ ಗಾಜಿನ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದ ಚಿಕ್ಕಮ್ಮ ಮ್ಯಾನೇಜರನ್ನು ಕೇಳಿದಳು.

"ಕುದಿಸಿ ನೋಡಬಹುದಾ ಸಾರ್?"

"ಇದು ಅಡುಗೆಮನೆ ಅಲ್ಲಮ್ಮ."

"ಅಡುಗೆಮನೆ ಆಗಿದ್ರೆ ಮೂರು ತಿಂಗಳು ಎಲ್ರೂ ಉಪವಾಸ ಇರ್ತಿದ್ವಿ ಸಾರ್."

ಅವಳು ಸುಮ್ಮನೆ ಹೇಳಿದ್ದಲ್ಲ. ಹಿಂದೊಮ್ಮೆ ಈ ಪ್ರೋಟೀನಿನ ಒಂದು ಸೀಸೆಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಮರೆತುಬಿಟ್ಟಿದ್ದಳು. ಬೇರೆ ಯಾವುದಾದರೂ ಆಗಿದ್ದರೆ ಒಡೆದ ಹಾಲಿನ ಹಾಗೆ ಗಡ್ಡೆ ಕಟ್ಟುತ್ತಿತ್ತು. ಇದು ಮಾತ್ರ ಬೆಳಗಿನ ನೀರಿನಂತೆ ತಿಳಿಯಾಗಿಯೇ ಇತ್ತು. ಅಷ್ಟು ಪುಟ್ಟ ಪ್ರೋಟೀನಿಗೆ ಮೂರು ಕಡೆ ಗಟ್ಟಿ ಗಂಟು ಇದೆ, ಬಿಸಿಗೆ ಬಿಚ್ಚಿಕೊಳ್ಳುವುದಿಲ್ಲ ಎಂದು ಡಾಕ್ಟರೇಟಿನವರಿಗೂ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದು ಕೈಗೆ ಇಳಿದಿರಲಿಲ್ಲ, ಅಷ್ಟೆ. ಚಿಕ್ಕಮ್ಮನ ವಿಧಾನ ಸರಳವಾಗಿತ್ತು: ಬ್ಯಾಕ್ಟೀರಿಯಾ ಒಡೆ, ಆ ದ್ರವವನ್ನು ಹತ್ತು ನಿಮಿಷ ಕಾಯಿಸು, ಒಡೆದು ಗಡ್ಡೆಯಾದದ್ದನ್ನು ಬಿಸಾಡು, ತಿಳಿಯಾಗಿ ಉಳಿದದ್ದನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಕೊಳವೆಯಲ್ಲಿ ಹಾಯಿಸು.

ನಮ್ಮಲ್ಲಿ ಪ್ರತಿ ಉತ್ಪನ್ನಕ್ಕೂ ಒಂದು ವಿಧಾನಪತ್ರ ಇರುತ್ತದೆ. ಅದರ ಮೇಲ್ಭಾಗದಲ್ಲಿ 'ವಿಧಾನ ರೂಪಿಸಿದವರು' ಎಂಬ ಸಾಲು. ಇಪ್ಪತ್ತೆರಡು ವರ್ಷದ ಹಿಂದೆ ಚಿಕ್ಕಮ್ಮ ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು; ಆಮೇಲೆ ಒಂದೊಂದಾಗಿ ಎಲ್ಲ ಕೆಲಸ ಕಲಿತಳು. ಅವಳ ಕೈಯಲ್ಲಿ ನೂರಾರು ವಿಧಾನಪತ್ರಗಳು ಹಾದುಹೋಗಿವೆ. ಆ ಸಾಲಿನಲ್ಲಿ ಇದ್ದದ್ದು ಯಾವತ್ತೂ ಮೇಲಿನ ಮಹಡಿಯವರ ಹೆಸರು. ಈ ಸಲ ಮೊದಲ ತಯಾರಿ ಪರೀಕ್ಷೆಯಲ್ಲಿ ಗೆದ್ದರೆ ಅಲ್ಲಿ ಅವಳ ಹೆಸರು ಹೋಗುತ್ತದೆ ಎಂದು ಮ್ಯಾನೇಜರ್ ಹೇಳಿದ್ದರು. ಅವಳು ಆಗ "ಆಗ್ಲಿ ಸಾರ್" ಎಂದಷ್ಟೇ ಹೇಳಿ ಮತ್ತೆ ತೊಟ್ಟಿಯ ಕಡೆ ತಿರುಗಿದ್ದಳು. ತಿರುಗಿದ ಮೇಲೆ ಒಂದೇ ಬೀಕರನ್ನು ನಾಲ್ಕು ಸಲ ತೊಳೆದಳು.

ಪರೀಕ್ಷೆ ನೋಡಲು ಚೆಂದ. ಪುಟ್ಟ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ. ಪ್ರತಿ ಗುಳಿಗೂ ಅಳೆದ ಕತ್ತರಿ, ಅಳೆದ ಕಾವಲುಗಾರ, ಕೊನೆಗೆ ಬಣ್ಣವಿಲ್ಲದ ಒಂದು ದ್ರವ. ಕತ್ತರಿ ಆ ದ್ರವವನ್ನು ಕತ್ತರಿಸಿದರೆ ಗುಳಿ ಹಳದಿಯಾಗುತ್ತದೆ. ಕಾವಲುಗಾರ ಹಿಡಿದುಕೊಂಡಿದ್ದರೆ ನೀರಿನ ಹಾಗೇ ಇರುತ್ತದೆ. ನೂರು ಕಾವಲುಗಾರರಲ್ಲಿ ಎಷ್ಟು ಜನ ಕೆಲಸ ಮಾಡುತ್ತಾರೆ ಎಂದು ಯಂತ್ರ ಲೆಕ್ಕ ಹಾಕುತ್ತದೆ; ಬಾಲ ಇದ್ದ ಹಳೆಯ ಸರಕು ಎಂಬತ್ತು, ಎಂಬತ್ತೆರಡು ದಾಟುತ್ತಿರಲಿಲ್ಲ. ಪ್ರತಿ ತಯಾರಿಯಲ್ಲೂ ಕೆಲವು ಗಂಟು ತಪ್ಪಿ ಹುಟ್ಟುತ್ತವೆ, ಅವು ಕೆಲಸಕ್ಕೆ ಬರುವುದಿಲ್ಲ. ಚಿಕ್ಕಮ್ಮನ ಕುದಿಸಿದ ಸರಕು ತೊಂಬತ್ತಾರು ತೋರಿಸಿತು.

ನಾನು ಇನ್ನೂ ಸಹಿ ಹಾಕಿರಲಿಲ್ಲ. ಆದರೆ ಮ್ಯಾನೇಜರಿಗೆ ನಮ್ಮ ಮೌನದ ಗೊಡವೆ ಇಲ್ಲ. ಪರದೆಯ ಮೇಲಿನ ಅಂಕಿ ನೋಡಿದವರೇ ಮೆಟ್ಟಿಲ ಹತ್ತಿರ ನಿಂತು ಕೆಳಗೆ ಕೂಗಿ ಹೇಳಿದರು. ಸೀಸೆಗಳಿಗೆ ಚೀಟಿ ಅಂಟಿಸುವ ಲೇಬಲಣ್ಣ ತನ್ನ ಮೂಲೆಯಿಂದ ಎದ್ದು ಬಂದ.

"ಅಕ್ಕ, ತೊಂಬತ್ತಾರು ಅಂದ್ರೆ ನಿಮ್ಮ ಮುನಿಗೆ ಎಂ.ಎಸ್ಸಿ.ಯಲ್ಲೂ ಬಂದಿರಲಿಲ್ಲ ಅಲ್ವಾ?"

"ಅವನಿಗೆ ಬಂದಿದ್ದು ಅರವತ್ತೆರಡು. ಅದರಲ್ಲಿ ಎರಡು ನಾನು ಬೈದಿದ್ದಕ್ಕೆ ಬಂದಿದ್ದು."

ಮೇಲಿನಿಂದ ಅವಳ ನಡುನೆತ್ತಿ ಮಾತ್ರ ಕಾಣುತ್ತಿತ್ತು. ಅವಳು ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ. ಸಹಿ ಆಗಿಲ್ಲವಲ್ಲ.

ಆವತ್ತು ನನಗಾದ ಹೆಮ್ಮೆಯನ್ನು ಹೇಳಿಕೊಳ್ಳಲು ನನಗೆ ಬರುವುದಿಲ್ಲ. ಹೆಮ್ಮೆಯಾದಾಗ ಬೇರೆಯವರು ಮಾತಾಡುತ್ತಾರೆ. ನಾನು ಕೆಲಸ ಹೆಚ್ಚು ಮಾಡುತ್ತೇನೆ. ಪ್ರಮಾಣಪತ್ರದಲ್ಲಿ ತೊಂಬತ್ತಾರರ ಕೆಳಗೆ ಇನ್ನೊಂದು ಸಾಲು ಸೇರಿಸಬೇಕು ಅನಿಸಿತು: 'ಟ್ರಿಪ್ಸಿನ್ ಒಂದನ್ನೇ ತಡೆಯುತ್ತದೆ, ಕೈಮೋಟ್ರಿಪ್ಸಿನ್ ಅನ್ನು ಮುಟ್ಟುವುದಿಲ್ಲ.' ಕೈಮೋಟ್ರಿಪ್ಸಿನ್ ಎಂದರೆ ಪಕ್ಕದ ಕತ್ತರಿ. ಈ ಪರೀಕ್ಷೆ ನಿಯಮದಲ್ಲಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಚಿಕ್ಕಮ್ಮನ ಸರಕಿಗೆ ಒಂದು ಒಡವೆ ಹೆಚ್ಚು ಹಾಕುವ ಆಸೆ ನನಗೆ, ಅಷ್ಟೆ.

ಹೊಸ ತಟ್ಟೆಯಲ್ಲಿ ಪಕ್ಕದ ಕತ್ತರಿಯನ್ನು ಹಾಕಿದೆ. ನಮ್ಮ ಕಾವಲುಗಾರ ಇದನ್ನು ಹಿಡಿಯುವುದಿಲ್ಲ, ಆದ್ದರಿಂದ ಹತ್ತು ನಿಮಿಷದಲ್ಲಿ ಸಾಲು ಪೂರ್ತಿ ಹಳದಿಯಾಗಬೇಕು.

ಆಗಲಿಲ್ಲ. ನೀರಿನಂತೆ ಇತ್ತು.

ಕತ್ತರಿ ಹಾಕುವುದನ್ನೇ ಮರೆತೆನೇನೋ ಎಂದುಕೊಂಡು ಮತ್ತೆ ಮಾಡಿದೆ. ಕಾವಲುಗಾರನಿಲ್ಲದ ಗುಳಿಗಳು ಗಾಢ ಹಳದಿಯಾದವು; ಇದ್ದವು ತಿಳಿಯಾಗಿಯೇ ಉಳಿದವು. ಮೂರನೆಯ ಸಲ ಫ್ರಿಜ್ಜಿನಿಂದ ಹಳೆಯ, ಬಾಲ ಇದ್ದ ಸರಕನ್ನು ತೆಗೆದು ಪಕ್ಕದಲ್ಲೇ ಹಾಕಿ ನೋಡಿದೆ. ಹಳೆಯದರ ಸಾಲು ನೋಡನೋಡುತ್ತ ಹಳದಿಗೆ ತಿರುಗಿತು. ಚಿಕ್ಕಮ್ಮನ ಸಾಲು ಹಾಗೇ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ಮೊದಲ ಸಲ ನನಗೆ ತಿಳಿನೀರನ್ನು ಕಂಡು ಭಯವಾಯಿತು.

ಒಂದನ್ನೇ ಹಿಡಿಯಬೇಕಾದವನು ಎರಡನ್ನೂ ಹಿಡಿಯುತ್ತಿದ್ದ. ಇದು ಹೀಗೇ ಹೊರಗೆ ಹೋದರೆ ಎಲ್ಲೋ ಒಂದು ಪ್ರಯೋಗಾಲಯದಲ್ಲಿ ನನ್ನಂಥವನೇ ಒಬ್ಬ ವಿದ್ಯಾರ್ಥಿ ಸೀಸೆಯ ಮೇಲಿನ ಚೀಟಿಯನ್ನು ನಂಬುತ್ತಾನೆ. ತಾನು ಹೊಸದೇನನ್ನೋ ಕಂಡುಹಿಡಿದೆ ಎಂದು ಒಂದು ವರ್ಷ ಅದರ ಹಿಂದೆ ಓಡುತ್ತಾನೆ. ಹೇಳಿದರೆ? ಈ ಸರಕಿನಲ್ಲಿ ಹೊಸದಾಗಿ ಆದದ್ದು ಕುದಿಸಿದ್ದು ಒಂದೇ. ತಪ್ಪು ಅದರ ತಲೆಗೆ ಬರುತ್ತದೆ. ವಿಧಾನ ಹೋಗುತ್ತದೆ, ಮೇಲಿನ ಸಾಲಿನಿಂದ ಅವಳ ಹೆಸರು, ಬರೆಯುವುದಕ್ಕೂ ಮೊದಲೇ, ಅಳಿಸಿಹೋಗುತ್ತದೆ.

ಸಹಿ ಹಾಕದೆ ಮನೆಗೆ ಹೋದೆ.

ನಮ್ಮದು ಮೂರು ಜನರ ಮನೆ: ಅಮ್ಮ, ಅವಳ ತಂಗಿ ಈ ಚಿಕ್ಕಮ್ಮ, ನಾನು. ಸಂಜೆಯ ಚಹಾದ ಹೊತ್ತಿಗೆ ಅಮ್ಮ ಆಗಲೇ ಸುದ್ದಿ ಹಿಡಿದು ಕೂತಿದ್ದಳು.

"ನಿನ್ನ ಹೆಸರು ಅಚ್ಚಾಗುತ್ತಂತಲ್ಲೇ. ಪೂರ್ತಿನೋ, ಬರೀ ಇನಿಷಿಯಲ್ಲೋ?"

"ಪೂರ್ತಿ. ಅಪ್ಪನ ಹೆಸರೂ ಸೇರಿಸಿ. ನನ್ನ ಸ್ಕೂಲು ಬಿಡಿಸಿದ್ದು ಅವರೇ ತಾನೆ."

"ಸತ್ತು ಇಷ್ಟು ವರ್ಷ ಆದ್ರೂ ಅವರನ್ನ ಬಿಡಲ್ಲ ನೀನು."

"ಬಿಟ್ಟಿದೀನಿ ಅಕ್ಕ. ಅದಕ್ಕೇ ಸೇರಿಸ್ತಿರೋದು."

ಅಮ್ಮ ನಕ್ಕು ನನ್ನ ಕಡೆ ತಿರುಗಿದಳು. "ನೀನ್ಯಾಕೋ ಬಾಯಿಗೆ ಬೀಗ ಹಾಕ್ಕೊಂಡಿದೀಯ? ಚಿಕ್ಕಮ್ಮನಿಗೆ ಒಂದು ಒಳ್ಳೆ ಮಾತು ಹೇಳಬಾರದಾ?"

"ಅವನನ್ನ ಕೇಳ್ಬೇಡ," ಎಂದಳು ಚಿಕ್ಕಮ್ಮ. "ಇನ್ನೂ ಸಹಿ ಆಗಿಲ್ಲ."

ಹೇಳಿ ಲೋಟ ಕೆಳಗಿಟ್ಟಳು. ತೊಂಬತ್ತಾರು ಬಂದ ಸರಕಿಗೆ ಸಂಜೆಯಾದರೂ ಸಹಿ ಆಗಿಲ್ಲ ಎಂದರೆ ಏನೋ ಇದೆ ಎಂದು ಅವಳಿಗೆ ಹೊಳೆದದ್ದು ಆ ಲೋಟ ಇಟ್ಟ ಸದ್ದಿನಲ್ಲೇ ನನಗೆ ತಿಳಿಯಿತು. ಅವಳು ಕೇಳಲಿಲ್ಲ. ನಿಯಮ ಅವಳದೇ. ನಾನು ಲೋಟಗಳನ್ನು ತೊಳೆಯಲು ಎದ್ದೆ. ಪಕ್ಕದ ಕತ್ತರಿಯ ಸಾಲನ್ನು ಬರೆಯದೆ, ತೊಂಬತ್ತಾರಕ್ಕಷ್ಟೇ ಸಹಿ ಹಾಕಿಬಿಡಬಹುದು ಎಂಬ ಯೋಚನೆ ನನಗೆ ಬಂತು. ಯಾರೂ ಕೇಳದ ಪರೀಕ್ಷೆ. ಮೂರು ತಟ್ಟೆಗಳು ಆಗಲೇ ಕಸದ ಡಬ್ಬಿಯಲ್ಲಿವೆ. ನಾನು ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ನನಗೆ ಬರುವ ಒಂದೇ ವಿದ್ಯೆ. ಆ ಯೋಚನೆ ಮನಸ್ಸಿನಲ್ಲಿ ಸಲೀಸಾಗಿ ಕೂತ ರೀತಿಯೇ ನನಗೆ ಹೇಸಿಗೆ ತಂದಿತು. ಎದುರು ಮನೆಯ ಕಿಟಕಿ ನೋಡುತ್ತ ಒಂದೇ ಲೋಟವನ್ನು ಎಷ್ಟು ಹೊತ್ತು ಉಜ್ಜಿದೆನೋ. ಅವಳು ಮಾಡಿದ್ದು ಎಂಬ ಕಾರಣಕ್ಕೆ ನಾನು ಸಹಿ ಹಾಕಿದೆ ಎಂದು ಎಂದಾದರೂ ಅವಳಿಗೆ ಗೊತ್ತಾದರೆ, ಅವಳು ಬೈಯುವುದಿಲ್ಲ. ಮುಂದೆ ಯಾವ ದಿನವೂ ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದಿಲ್ಲ.

ಬೆಳಿಗ್ಗೆ ಮ್ಯಾನೇಜರ ಕೋಣೆಗೆ ಹೋಗಿ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರು.

"ಕುದಿಸಿದ್ದೇ ತಪ್ಪು. ನಾನು ಅವತ್ತೇ ಅಂದಿದ್ದೆ ಇದು ಅಡುಗೆಮನೆ ಅಲ್ಲ ಅಂತ."

"ಕುದಿಸಿದ್ರೆ ಪ್ರೋಟೀನು ಕೆಡಬಹುದು ಸಾರ್. ಇಲ್ಲದ ವಿದ್ಯೆ ಕಲಿಯಲ್ಲ," ಎಂದೆ. ನನ್ನ ಮಟ್ಟಿಗೆ ಅದು ಭಾಷಣ.

ಚಿಕ್ಕಮ್ಮನನ್ನು ಕರೆಸಿದರು. ಮನೆಯಲ್ಲಿ ನಾನು ಅವಳಿಗೆ ನೀನು ಎನ್ನುತ್ತೇನೆ, ಇಲ್ಲಿ ನೀವು. "ನಿಮ್ಮ ಸರಕು ಪಕ್ಕದ ಕತ್ತರಿಯನ್ನೂ ಹಿಡೀತಿದೆ. ಮೂರು ಸಲ ನೋಡಿದೆ," ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಎರಡು ದಿನದಲ್ಲಿ ಮೊದಲ ಸಲ.

"ಹಾಗಿದ್ರೆ ಕುದಿಸೋದು ಕೈಬಿಡೋಣ," ಎಂದರು ಮ್ಯಾನೇಜರ್.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೀಬೇಡಿ ಸಾರ್. ಎತ್ತು ಯಾವುದು ಅಂತ ಮೊದಲು ನೋಡೋಣ. ಓದ್ತೀನಿ, ಗುರುತು ಹಾಕ್ಕೊ ಮುನಿ."

ಇದು ನಮ್ಮ ಕಂಪನಿಯ ರೂಢಿ. ಸರಕು ತಪ್ಪಿದಾಗ ಮಾಡಿದವರು ತಯಾರಿಯ ದಾಖಲೆಯನ್ನು ಸಾಲುಸಾಲಾಗಿ ಗಟ್ಟಿಯಾಗಿ ಓದುತ್ತಾರೆ, ಪರೀಕ್ಷಿಸುವವರು ವಿಧಾನಪತ್ರದ ಕರಡಿನ ಮೇಲೆ ಒಂದೊಂದೇ ಗುರುತು ಹಾಕುತ್ತಾರೆ. ಚಿಕ್ಕಮ್ಮ ದಾಖಲೆಯನ್ನು ಮೇಜಿನ ಮೇಲಿಟ್ಟು ನಿಂತೇ ಓದತೊಡಗಿದಳು. ಅವಳಿಗೆ ಓದುವಾಗ ಕೈ ಸುಮ್ಮನಿರುವುದಿಲ್ಲ. ಬಾಯಿ ಹೇಳಿದ್ದನ್ನು ಕೈ ಗಾಳಿಯಲ್ಲಿ ಮಾಡಿ ತೋರಿಸುತ್ತಿರುತ್ತದೆ.

"ಬ್ಯಾಕ್ಟೀರಿಯಾ ಐವತ್ತು ಗ್ರಾಂ ತೂಗಿದ್ದು." ಕೈ ತೂಗಿತು. "ಒಡೆಯೋ ದ್ರಾವಣ ಕಾಲು ಲೀಟರು, ತಣ್ಣಗಿನದು, ಸುರಿದಿದ್ದು." ಕೈ ಸುರಿಯಿತು. ಸುರಿದು ಮುಗಿದ ಮೇಲೆ ಎಡಗೈ ಏನನ್ನೋ ಹಿಡಿದ ಹಾಗೆ ಮಡಚಿಕೊಂಡಿತು. ಬಲಗೈಯ ಹೆಬ್ಬೆರಳು ಅದರ ಮೇಲೆ ಒಂದು ಸಲ ಒತ್ತಿತು. ಇನ್ನೊಂದು ಸಲ ಒತ್ತಿತು. "ಯಂತ್ರದಲ್ಲಿ ಒಡೆದದ್ದು, ಮೂರು ಸಲ. ಆಮೇಲೆ ಹತ್ತು ನಿಮಿಷ..."

ನನ್ನ ಪೆನ್ನು ನಿಂತಿತ್ತು. ಕಾಗದದ ಮೇಲೆ ಆ ಎರಡು ಒತ್ತುಗಳಿಗೆ ಹೊಂದುವ ಸಾಲು ಇರಲಿಲ್ಲ.

ಅವಳು ಎರಡು ಸಾಲು ಮುಂದೆ ಹೋಗಿದ್ದಳು. ಪೆನ್ನಿನ ಸದ್ದು ಬರಲಿಲ್ಲ ಎಂದು ನಿಲ್ಲಿಸಿದಳು. ನಾನು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಮ್ಯಾನೇಜರ್ ಫೋನಿನಲ್ಲಿ ಏನೋ ನೋಡುತ್ತಿದ್ದರು. ಚಿಕ್ಕಮ್ಮ ತನ್ನ ಕೈಗಳ ಕಡೆ ನೋಡಿದಳು. ನಿಧಾನವಾಗಿ ಮತ್ತೊಮ್ಮೆ ಸುರಿದಳು, ಎಡಗೈ ಮಡಚಿದಳು, ಹೆಬ್ಬೆರಳು ಎತ್ತಿದಳು. ಅದನ್ನು ಹಾಗೇ ಎತ್ತಿ ಹಿಡಿದುಕೊಂಡು ನಿಂತಳು. ಆ ಕ್ಷಣ ಅವಳು ಕೈ ಕೆಳಗಿಳಿಸಿ ಓದು ಮುಂದುವರಿಸಿದ್ದರೆ, ನೋಡಿದವನು ನಾನೊಬ್ಬನೇ ಆಗಿರುತ್ತಿದ್ದೆ.

"ಸಾರ್, ಫೋನು ಇಡಿ," ಎಂದಳು. "ಕಾವಲು ಮಾತ್ರೆ ಹಾಕಿದೀನಿ. ಎರಡು. ಬರೆದಿಲ್ಲ."

ಕಾವಲು ಮಾತ್ರೆ ತಯಾರಿ ಕೋಣೆಗೆ ಅಡುಗೆಯ ಉಪ್ಪಿದ್ದ ಹಾಗೆ, ಎಲ್ಲಕ್ಕೂ ಬೀಳುತ್ತದೆ. ಬ್ಯಾಕ್ಟೀರಿಯಾವನ್ನು ಒಡೆದಾಗ ಅದರೊಳಗಿನ ಕತ್ತರಿಗಳೂ ಹೊರಗೆ ಬಂದು ನಮಗೆ ಬೇಕಾದ ಪ್ರೋಟೀನನ್ನು ಚೂರುಮಾಡುತ್ತವೆ. ಅದಕ್ಕೆ ಒಡೆಯುವ ಮೊದಲೇ, ಕತ್ತರಿಗಳನ್ನು ತಡೆಯುವ ಮಾತ್ರೆಯನ್ನು ಅದರ ಪಟ್ಟಿಯಿಂದ ಹೆಬ್ಬೆರಳಲ್ಲಿ ಒತ್ತಿ ದ್ರಾವಣಕ್ಕೆ ಹಾಕುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ಚಿಕ್ಕಮ್ಮ ಎಷ್ಟು ಸಾವಿರ ಸಲ ಒತ್ತಿದ್ದಾಳೋ. ನಮ್ಮ ಈ ಪ್ರೋಟೀನು ತಾನೇ ಕಾವಲುಗಾರ, ಅದಕ್ಕೆ ಮಾತ್ರೆ ಬೇಕಿಲ್ಲ.

"ಕಾವಲುಗಾರನಿಗೆ ಕಾವಲು ಯಾಕೆ ಅಂತ ಹೊಸ ವಿಧಾನದಲ್ಲಿ ಬಿಡಿಸಿದ್ದೇ ನಾನು," ಎಂದಳು. "ನಾನು ಬಿಟ್ಟೆ. ಇದು ಬಿಡಲಿಲ್ಲ." ಹೆಬ್ಬೆರಳನ್ನು ನಮ್ಮಿಬ್ಬರಿಗೂ ತೋರಿಸಿದಳು.

"ಇಷ್ಟು ವರ್ಷ ಹಾಕ್ತಿದ್ರಲ್ಲ, ಆಗ ಏನೂ ಆಗಲಿಲ್ಲ?" ಮ್ಯಾನೇಜರ್ ಕೇಳಿದರು.

ಅದಕ್ಕೆ ನಾನು ಉತ್ತರ ಹೇಳಿದೆ. ಬಾಲ ಹಿಡಿಯುವ ಕೊಳವೆ ಇದ್ದಾಗ ಮಾತ್ರೆಯಲ್ಲಿದ್ದದ್ದು ಪೂರ್ತಿ ತೊಳೆದುಹೋಗುತ್ತಿತ್ತು. ಈಗ ಬಾಲವಿಲ್ಲ, ಆ ಕೊಳವೆಯೂ ಇಲ್ಲ. ಮಾತ್ರೆಯೊಳಗಿರುವುದು ಹಸುವಿನ ಶ್ವಾಸಕೋಶದಿಂದ ತೆಗೆದ ಇನ್ನೊಬ್ಬ ಕಾವಲುಗಾರ. ಅವನೂ ಇಷ್ಟೇ ಪುಟ್ಟವನು, ಅವನಿಗೂ ಮೂರು ಗಂಟು, ಅವನೂ ಕುದಿಯುವ ನೀರಿಗೆ ಜಗ್ಗುವವನಲ್ಲ. ಗಾತ್ರ ನೋಡಿ ಬೇರ್ಪಡಿಸುವ ಕೊಳವೆಗೆ ಇಬ್ಬರೂ ಒಂದೇ. ಅವನು ಕತ್ತರಿಗಳಲ್ಲಿ ಭೇದ ಮಾಡುವುದಿಲ್ಲ, ಎದುರು ಸಿಕ್ಕಿದ್ದನ್ನು ಹಿಡಿಯುತ್ತಾನೆ. ನಮ್ಮವನ ಜೊತೆ ಸಾಲಿನಲ್ಲಿ ನುಸುಳಿ ನಿಂತು ಅಂಕಿಯನ್ನು ತೊಂಬತ್ತಾರಕ್ಕೆ ಏರಿಸಿದವನು ಅವನೇ.

ಮ್ಯಾನೇಜರಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವರ ದನಿ ಮೆತ್ತಗಾಯಿತು.

"ನೋಡಿಮ್ಮ, ದಾಖಲೆಯಲ್ಲಿ ನಿಮ್ಮ ತಪ್ಪು ಅಂತ ಹೋದ್ರೆ ಕೇಂದ್ರ ಕಚೇರಿಯವರು ನಿಮ್ಮ ಹೆಸರಿಗೆ ತಕರಾರು ತೆಗೀಬಹುದು. ಕಚ್ಚಾವಸ್ತುವಿನಲ್ಲಿ ದೋಷ ಇತ್ತು ಅಂತ ಬರೆಯೋಣ. ಯಾರಿಗೂ ನಷ್ಟ ಇಲ್ಲ."

"ತಿಪ್ಪೆ ಸಾರಿಸೋದು ಬೇಡ ಸಾರ್. ಹಾಗೆ ಬರೆದ್ರೆ ಕುದಿಸಿದ್ದರ ಮೇಲೆ ಅನುಮಾನ ಉಳಿಯುತ್ತೆ. ನನ್ನ ಹೆಸರು ಇರಲಿ ಬಿಡಲಿ, ಕುದಿಸೋದು ಸರಿ ಇದೆ."

ಪೆನ್ನು ಕೇಳಿ ತೆಗೆದುಕೊಂಡು, ದಾಖಲೆಯ ಅಂಚಿನಲ್ಲಿ ತನ್ನ ದುಂಡು ಅಕ್ಷರದಲ್ಲಿ ಬರೆದಳು: 'ವಿಧಾನದಲ್ಲಿ ಇಲ್ಲದ ಎರಡು ಕಾವಲು ಮಾತ್ರೆಯನ್ನು ನಾನು ಹಾಕಿದ್ದೇನೆ. ಬರೆದಿರಲಿಲ್ಲ. ಅಭ್ಯಾಸದಿಂದ ಆದದ್ದು.' ಕೆಳಗೆ ಸಹಿ, ದಿನಾಂಕ, ಗಂಟೆ. ನನ್ನ ಜೀವನದಲ್ಲಿ ಯಾರ ಸಂಬಂಧಿಯಾಗಿರುವುದಕ್ಕೂ ನಾನು ಅಷ್ಟು ಬೀಗಿರಲಿಲ್ಲ. ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಅವಳು ಒಂದು ಕ್ಷಣ ಕಂಬಿ ಹಿಡಿದುಕೊಂಡು ನಿಂತಳು. ನಾನು ಪಕ್ಕದಲ್ಲಿ ನಿಂತೆ.

"ಅಕ್ಕನಿಗೆ ನಾನೇ ಹೇಳ್ತೀನಿ," ಎಂದಳು. "ನೀನು ಬಾಯಿ ಬಿಡಬೇಡ. ಬಿಡೋನೂ ಅಲ್ಲ ಬಿಡು."

ಆ ಮಧ್ಯಾಹ್ನವೇ ಒಂದು ಹನಿಯನ್ನು, ಪ್ರೋಟೀನುಗಳ ತೂಕ ನೋಡುವ ಯಂತ್ರ ಇರುವ ಸಂಸ್ಥೆಗೆ ಕಳಿಸಿದೆವು. ಮರುದಿನ ಉತ್ತರ ಬಂತು. ಗ್ರಾಫಿನಲ್ಲಿ ಒಂದು ತೂಕ ಇರಬೇಕಾದ ಕಡೆ ಅಕ್ಕಪಕ್ಕ ಎರಡು ಶಿಖರಗಳು. ಒಂದು ನಮ್ಮದು, ಇನ್ನೊಂದು ಮಾತ್ರೆಯದು.

ಎರಡನೆಯ ತಯಾರಿಗೆ ಅವಳು ಕೇಳಿದ್ದು ಐದು ದಿನ. ಗಾತ್ರದ ಕೊಳವೆಗೆ ಹೊಸ ಮಣಿ ತುಂಬಿದಳು. ಮಾತ್ರೆಯ ಡಬ್ಬವನ್ನು ಬೇರೆ ಕೋಣೆಗೆ ಸಾಗಿಸಿದಳು. ಅಷ್ಟಕ್ಕೂ ನಂಬಿಕೆ ಸಾಲದೆ, ಬ್ಯಾಕ್ಟೀರಿಯಾ ಒಡೆಯುವ ದಿನ ಬಲಗೈ ಹೆಬ್ಬೆರಳಿಗೆ ಬಿಳಿ ಟೇಪು ಸುತ್ತಿಕೊಂಡು, ಅದರ ಮೇಲೆ ಕೈಗವಸು ಹಾಕಿದಳು. ಬೆರಳು ಮಡಚಲು ಹೋದರೆ ಟೇಪು ಎಳೆದು ನೆನಪಿಸಬೇಕು ಎಂಬ ಲೆಕ್ಕ. ಲೇಬಲಣ್ಣ ಬಾಗಿಲಿನಿಂದ ಇಣುಕಿದ.

"ಅಕ್ಕ, ಆ ಹೆಬ್ಬೆರಳಿಗೆ ಒಂದು ಚೀಟಿ ಅಂಟಿಸಲಾ? 'ಸಂಶೋಧನೆಗೆ ಮಾತ್ರ' ಅಂತ?"

"ನಿನ್ನ ನಾಲಿಗೆಗೆ ಅಂಟಿಸ್ಕೊ. 'ಉಪಯೋಗಕ್ಕಲ್ಲ' ಅಂತ."

ಅವಳು ನಕ್ಕಳು. ನಾನು ಮೆಟ್ಟಿಲ ಮೇಲಿನಿಂದ ನೋಡುತ್ತಿದ್ದೆ. ದ್ರಾವಣ ಸುರಿದಾದ ಮೇಲೆ ಅವಳು ಕೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿ, ಒಂದು ನಿಮಿಷ ಏನೂ ಮಾಡದೆ ನಿಂತಳು. ಮಾಡದೆ ಇದ್ದದ್ದನ್ನೂ ದಾಖಲೆಯಲ್ಲಿ ಬರೆದಳು: 'ಮಾತ್ರೆ ಹಾಕಿಲ್ಲ.' ಆಮೇಲೆ ಯಂತ್ರ ಚಾಲೂ ಮಾಡಿದಳು.

ಪರೀಕ್ಷೆಯ ದಿನ ಬಸ್ಸಿನಲ್ಲಿ ಅವಳು ಮುಂದೆ, ನಾನು ಹಿಂದೆ. ಈ ಸಲ ಎರಡು ತಟ್ಟೆ ಜೊತೆಜೊತೆಗೇ ಹಾಕಿದೆ. ಟ್ರಿಪ್ಸಿನ್ ತಟ್ಟೆ ತಿಳಿಯಾಗಿ ನಿಂತಿತು. ಪಕ್ಕದ ಕತ್ತರಿಯ ತಟ್ಟೆ ಎರಡನೆಯ ನಿಮಿಷಕ್ಕೆ ಬಣ್ಣ ಹಿಡಿಯತೊಡಗಿತು. ಒಂದು ಗುಳಿಯಲ್ಲ, ಇಡೀ ಸಾಲು, ಒಟ್ಟಿಗೆ. ಆರನೆಯ ನಿಮಿಷಕ್ಕೆ ಕಾವಲುಗಾರನಿಲ್ಲದ ಸಾಲಿಗೂ ಇದಕ್ಕೂ ವ್ಯತ್ಯಾಸ ಹೇಳಲು ಆಗುತ್ತಿರಲಿಲ್ಲ. ಯಂತ್ರ ಲೆಕ್ಕ ಹಾಕಿ ಟ್ರಿಪ್ಸಿನ್‌ಗೆ ಎಂಬತ್ತೊಂದು ಎಂದಿತು. ನಾನು ಇನ್ನೂ ಎರಡು ಸಲ ಮಾಡಿದೆ. ಎಂಬತ್ತೊಂದು, ಎಂಬತ್ತು. ಆಮೇಲೆ ಮ್ಯಾನೇಜರ್ ಬರುವ ಮೊದಲೇ ಸಹಿ ಹಾಕಿ, ಮೆಟ್ಟಿಲಿಳಿದು ಹೋದೆ. ಅವಳು ಕೊಳವೆ ತೊಳೆಯುತ್ತಿದ್ದಳು.

"ಸಹಿ ಆಯ್ತು," ಎಂದೆ. "ಎಂಬತ್ತೊಂದು. ಪಕ್ಕದ ತಟ್ಟೆ ಪೂರ್ತಿ ಹಳದಿ."

"ಪೂರ್ತಿ?"

"ಪೂರ್ತಿ."

ಅವಳು ನಲ್ಲಿ ನಿಲ್ಲಿಸಿದಳು. ಲೇಬಲಣ್ಣ ಕಿವಿಗೊಟ್ಟು ನಿಂತದ್ದು ಅವಳಿಗೆ ಗೊತ್ತಿತ್ತು. ಅವನಿಗೆ ಕೇಳುವ ಹಾಗೆ, ಇಡೀ ಮಹಡಿಗೆ ಕೇಳುವ ಹಾಗೆ ಹೇಳಿದಳು: "ಎಂಬತ್ತೊಂದು."

"ಇಳೀತಲ್ಲ ಅಕ್ಕ?"

"ಇಳಿದಿಲ್ಲ ಕಣೋ. ಅವತ್ತು ಬೇರೆಯವರ ಕಡೆಯೋರು ನಮ್ಮ ಸಾಲಲ್ಲಿ ನಿಂತಿದ್ರು. ಇವತ್ತು ನಿಂತಿರೋರೆಲ್ಲ ನಮ್ಮೋರೇ."

ಕೇಂದ್ರ ಕಚೇರಿಯವರು ಎರಡೂ ದಾಖಲೆಗಳನ್ನು ತರಿಸಿಕೊಂಡು ಓದಿದರು. ಎರಡು ವಾರ ಸುದ್ದಿಯಿಲ್ಲ. ಆ ಎರಡು ವಾರ ಚಿಕ್ಕಮ್ಮ ಮನೆಯಲ್ಲಿ ಹೆಸರಿನ ಮಾತು ಎತ್ತಲಿಲ್ಲ, ಅಮ್ಮನಿಗೂ ಎತ್ತಗೊಡಲಿಲ್ಲ. ಕೊನೆಗೆ ಬಂದ ಉತ್ತರ ಮೂರೇ ಸಾಲಿನದು. ಮೊದಲ ಸರಕು ಕೆಟ್ಟ ಕಾರಣ, ಮಾಡಿದವರೇ ಬರೆದಿರುವುದರಿಂದ, ಸ್ಪಷ್ಟವಾಗಿದೆ. ಕುದಿಸುವ ಹಂತದಲ್ಲಿ ದೋಷವಿಲ್ಲ. ವಿಧಾನವನ್ನು ಒಪ್ಪಲಾಗಿದೆ.

ಮ್ಯಾನೇಜರ್ ವಿಧಾನಪತ್ರವನ್ನು ಕೆಳಗಿನ ಮಹಡಿಗೆ ತಾವೇ ತಂದರು. ಚಿಕ್ಕಮ್ಮ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ ಓದಿದಳು. ಆಮೇಲೆ 'ವಿಧಾನ ರೂಪಿಸಿದವರು' ಎಂಬಲ್ಲಿ ತನ್ನ ಹೆಸರು ಬರೆದಳು, ಪೂರ್ತಿ, ಅಪ್ಪನ ಹೆಸರು ಸೇರಿಸಿ. ಅದರ ಮುಂದೆ ಇನ್ನೊಂದು ಚೌಕವಿತ್ತು: 'ವಿದ್ಯಾರ್ಹತೆ'. ಅಲ್ಲಿ ಪೆನ್ನು ನಿಂತಿತು.

"ಅದನ್ನ ಬಿಡಿಮ್ಮ," ಎಂದರು ಮ್ಯಾನೇಜರ್. "ಒಂದು ಗೆರೆ ಎಳೆದುಬಿಡಿ, ಸಾಕು. ಯಾರೂ ಕೇಳಲ್ಲ."

"ಖಾಲಿ ಬಿಟ್ರೆ ಬರೆಯೋಕೆ ಮರೆತಳು ಅಂದ್ಕೋತಾರೆ ಸಾರ್."

ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರೆದಳು: ಒಂಬತ್ತನೇ ತರಗತಿ. ಶಾಯಿ ಆರಲಿ ಎಂದು ಕಾಗದದ ಮೇಲೆ ಬಗ್ಗಿ ಊದಿದಳು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿದಳು. ಕೆಳಗಿನ ಸಾಲು 'ಪರೀಕ್ಷಿಸಿದವರು'. ನಾನು ನನ್ನ ಹೆಸರು ಬರೆದು, ಅದರ ಮುಂದಿನ ಚೌಕದಲ್ಲಿ ಎಂ.ಎಸ್ಸಿ. ಎಂದು ಬರೆದೆ. ಆರು ವರ್ಷದಲ್ಲಿ ಆ ಮೂರಕ್ಷರವನ್ನು ಎಷ್ಟೋ ಕಾಗದದ ಮೇಲೆ ಬರೆದಿದ್ದೇನೆ. ಅದಕ್ಕೆ ಒಳ್ಳೆಯವರ ಪಕ್ಕದಲ್ಲಿ ಜಾಗ ಸಿಕ್ಕಿದ್ದು ಆವತ್ತು.